ಸಹಿ ಬಿತ್ತೆಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ

ಮಾನ್ಯ ಸಂಪಾದಕರೇ,

ಬರ, ನೆರೆ, ಯುದ್ಧ, ನಿರಾಶ್ರಿತರ ಶಿಬಿರಗಳ ಸುದ್ದಿಯ ಜೊತೆ ಅಚ್ಚಾಗುವ ಎಷ್ಟೋ ಚಿತ್ರಗಳು ನೆರವು ಸಂಸ್ಥೆಗಳೇ ತೆಗೆಸಿ ಕಳಿಸಿದವು. ‘ಚಿತ್ರಕೃಪೆ’ ಎಂದು ಸಂಸ್ಥೆಯ ಹೆಸರು ಇರುತ್ತದೆ, ಚಿತ್ರದಲ್ಲಿರುವವರ ಹೆಸರು ಇರುವುದಿಲ್ಲ. ತಮ್ಮ ಮುಖ ಎಲ್ಲೆಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿಸಲಾಗಿತ್ತೇ ಎಂದು ಪತ್ರಿಕೆಗಳು ಕೇಳುವುದು ಅಪರೂಪ. ಕೇಳಬೇಕು ಎಂಬುದೇ ಈ ಪತ್ರದ ಬೇಡಿಕೆ.

ನಿಯಮಗಳಿಗೇನೂ ಕೊರತೆಯಿಲ್ಲ. 1984ರ ಇಥಿಯೋಪಿಯಾ ಕ್ಷಾಮದ ಚಿತ್ರಗಳು ಅಪಾರ ಹಣ ತಂದವು. ಇಡೀ ಖಂಡವೇ ಹಸಿದ ಮಗುವಿನ ಮುಖ ಎಂಬ ಭಾವನೆಯನ್ನೂ ಬಿತ್ತಿದವು. ಇದಕ್ಕೆ ಬಂದ ಟೀಕೆಗಳ ಬೆನ್ನಿಗೆ 1989ರಲ್ಲಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳು ಚಿತ್ರ ಮತ್ತು ಸಂದೇಶಗಳಿಗೆಂದೇ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡವು, 2006ರಲ್ಲಿ ಅದನ್ನು ಪರಿಷ್ಕರಿಸಿದವು. ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ಕಾಣಬೇಕು ಎಂದು 1994ರ ರೆಡ್‌ಕ್ರಾಸ್ ನೀತಿಸಂಹಿತೆಯ ಹತ್ತನೆಯ ಅಂಶ ಹೇಳುತ್ತದೆ. ಇದಕ್ಕೆ ಯಾರ ತಕರಾರೂ ಇಲ್ಲ. ಕೆಲಸ ಕೆಡುವುದು ಸ್ಥಳದಲ್ಲಿ, ಅದೂ ಬಹುಮಟ್ಟಿಗೆ ವೇಳಾಪಟ್ಟಿಯಿಂದ. ಒಂದೇ ದಿನದಲ್ಲಿ ಮೂರು ಹಳ್ಳಿ, ಹನ್ನೆರಡು ಕುಟುಂಬ ಎಂದು ಬರೆದುಕೊಟ್ಟರೆ ಓಡಾಟ ಕಳೆದು ಒಂದು ಕುಟುಂಬಕ್ಕೆ ಉಳಿಯುವುದು ಇಪ್ಪತ್ತು ನಿಮಿಷ. ಅದರಲ್ಲಿ ಒಪ್ಪಿಗೆಯ ಮಾತು ಎರಡು ನಿಮಿಷಕ್ಕೆ ಮುಗಿದು ಹೋಗುತ್ತದೆ. ಒಬ್ಬರಿಗೆ ಕನಿಷ್ಠ ಒಂದು ಗಂಟೆ, ದಿನಕ್ಕೆ ನಾಲ್ಕು ಮಂದಿಗಿಂತ ಹೆಚ್ಚು ಬೇಡ ಎಂದು ಮೊದಲೇ ನಿಗದಿಯಾಗಬೇಕು.

ಒಪ್ಪಿಗೆ ಕೇಳುವವರು ಯಾರು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಪಡಿತರ ಹಂಚುವವರೇ, ಫಲಾನುಭವಿಗಳ ಪಟ್ಟಿಗೆ ಹೆಸರು ಸೇರಿಸುವವರೇ ಬಂದು ‘ಒಂದು ಫೋಟೊ ತೆಗೆಯಬಹುದೇ’ ಎಂದರೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ದುಭಾಷಿ ಬೇರೆಯವರಾಗಿರಬೇಕು, ಸಾಲಿನಲ್ಲಿ ನಿಂತವರನ್ನು ಕೇಳಬಾರದು, ಸಾಧ್ಯವಿದ್ದರೆ ಹಂಚಿಕೆ ಮುಗಿದ ಮರುದಿನ ಕೇಳಬೇಕು. ಬೇಡವೆಂದರೂ ನಿಮ್ಮ ಪಾಲಿಗೆ ಕುಂದಿಲ್ಲ ಎಂಬುದನ್ನು ಬಾಯಿಬಿಟ್ಟೇ ಹೇಳಬೇಕು. ‘ಪ್ರಚಾರಕ್ಕೆ ಬಳಸುತ್ತೇವೆ’ ಎಂದರೆ ಏನೂ ಅರ್ಥವಾಗುವುದಿಲ್ಲ. ಹಿಂದೆ ಅಚ್ಚಾದ ಒಂದು ಪೋಸ್ಟರ್, ಒಂದು ಕರಪತ್ರ, ಫೋನಿನಲ್ಲಿ ಒಂದು ಜಾಲತಾಣದ ಪುಟ ತೋರಿಸಿ ಇಲ್ಲಿ ನಿಮ್ಮ ಮುಖ ಬರುತ್ತದೆ ಎನ್ನಬೇಕು. ಆಮೇಲೆ ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ: ‘ಈ ಚಿತ್ರ ಯಾರ ಕಣ್ಣಿಗೆ ಬೀಳಬಾರದು?’ ದೂರದಲ್ಲಿರುವ ಅಣ್ಣ, ಬಿಟ್ಟು ಬಂದ ಗಂಡ, ಸಾಲ ಕೊಟ್ಟವನು, ಪೊಲೀಸರು ಎಂದು ಉತ್ತರ ಬಂದರೆ ಅಲ್ಲಿಗೇ ಮುಖದ ಚಿತ್ರ ನಿಲ್ಲಬೇಕು. ಕೊನೆಗೆ, ಅರ್ಥವಾಗಿದ್ದನ್ನು ಅವರ ಮಾತಿನಲ್ಲೇ ಹೇಳಲು ಬಿಡಬೇಕು. ಓದುಬರಹ ಬಾರದವರಿಗೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಅರ್ಧ ನಿಮಿಷದ ಧ್ವನಿಮುದ್ರಣ ಮೇಲು. ಮಕ್ಕಳಾದರೆ ಪೋಷಕರ ಸಹಿ ಸಾಲದು, ಮಗುವೂ ಒಪ್ಪಬೇಕು. ಮುಖ ತಿರುಗಿಸಿಕೊಂಡ ಮಗುವನ್ನು ರಮಿಸಿ ಕೂರಿಸಿ ತೆಗೆಯುವುದು ಖಂಡಿತ ತಪ್ಪು.

ತೆಗೆದ ಮೇಲೆ ಚಿತ್ರಗಳನ್ನು ಕ್ಯಾಮೆರಾದಲ್ಲೇ ತೋರಿಸಿ ಇನ್ನೊಮ್ಮೆ ಕೇಳಬೇಕು. ಬೇಡವೆಂದದ್ದನ್ನು ಅವರೆದುರೇ ಅಳಿಸಬೇಕು. ಎರಡು ಕಾರ್ಡಿನ ಕ್ಯಾಮೆರಾಗಳಲ್ಲಿ ಒಂದರಿಂದ ಅಳಿಸಿದ್ದು ಇನ್ನೊಂದರಲ್ಲಿ ಉಳಿದಿರಬಹುದು. ಅದನ್ನು ಮರೆಯುವವರೇ ಹೆಚ್ಚು. ಒಬ್ಬೊಬ್ಬರ ಕೊನೆಯ ಚಿತ್ರದ ಹಿಂದೆಯೇ ಅವರು ಸಹಿ ಮಾಡಿದ ಒಪ್ಪಿಗೆ ನಮೂನೆಯ ಚಿತ್ರವನ್ನೂ ತೆಗೆದಿಟ್ಟರೆ ಯಾವ ಒಪ್ಪಿಗೆ ಯಾರದ್ದು ಎಂಬ ಗೊಂದಲ ಇರುವುದಿಲ್ಲ. ನಮೂನೆಯ ಸಂಖ್ಯೆ, ಒಪ್ಪಿಗೆಯ ಅವಧಿ ಮುಗಿಯುವ ದಿನಾಂಕ, ಷರತ್ತುಗಳನ್ನು ಚಿತ್ರದ ಕಡತದೊಳಗಿನ ವಿವರಗಳಲ್ಲೇ ಬರೆಯಬೇಕು. ಬೇರೆ ಹಾಳೆಯಲ್ಲಿ ಬರೆದಿಟ್ಟರೆ ಚಿತ್ರ ಮೂರು ಕೈ ದಾಟುವುದರೊಳಗೆ ಹಾಳೆ ಕಾಣೆಯಾಗಿರುತ್ತದೆ. ತೆಗೆಸಿಕೊಂಡವರ ಕೈಯಲ್ಲೂ ಒಂದು ಚೀಟಿ ಇರಬೇಕು: ನಮೂನೆಯ ಸಂಖ್ಯೆ, ಅವರ ಭಾಷೆಯಲ್ಲೇ ಮಾತಾಡುವವರ ಫೋನ್ ನಂಬರು. ವಿದೇಶಿ ಕಚೇರಿಯ ಇಮೇಲ್ ವಿಳಾಸ ಕೊಟ್ಟರೆ ಒಪ್ಪಿಗೆ ಹಿಂಪಡೆಯುವ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ.

ಗುರುತು ಮರೆಮಾಚುವುದರಲ್ಲಿ ಆಗುವ ತಪ್ಪುಗಳು ಇನ್ನೂ ಅಪಾಯಕರ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಅಪರಿಚಿತರಿಗೆ ಗುರುತು ಸಿಗಲಿಕ್ಕಿಲ್ಲ. ಆದರೆ ಚಿತ್ರದಲ್ಲಿರುವ ಹೆಣ್ಣುಮಗಳು ಹೆದರುವುದು ತನ್ನನ್ನು ಬಲ್ಲವರಿಗೆ. ಅವರಿಗೆ ಸೀರೆಯ ಅಂಚು, ಕೈಬಳೆ, ಗಾಯದ ಕಲೆ, ಹಿಂದಿನ ಬಾಗಿಲು ಸಾಕು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿಸಿ ನೆರಳಿನಾಕೃತಿ ತೆಗೆಯುವುದು ಒಳ್ಳೆಯ ದಾರಿ, ಆದರೆ ಕ್ಯಾಮೆರಾ ಹಿಡಿದ ಬೆಳಕನ್ನೆಲ್ಲ ಹಾಗೆಯೇ ಉಳಿಸುವ ‘ರಾ’ ಕಡತದಲ್ಲಿ ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಕಪ್ಪಾದ ಮುಖವನ್ನೂ ತಂತ್ರಾಂಶದ ಒಂದು ಗುಂಡಿ ಎಳೆದು ಬೆಳಗಿಸಬಹುದು. ಹಾಗಾಗಿ ಮುಖ ಪೂರ್ತಿ ಕಪ್ಪಾಗಿಸಿದ ಜೆಪೆಗ್ ಮಾತ್ರ ಕೊಡಬೇಕು, ‘ರಾ’ ಯಾರ ಕೈಗೂ ಹೋಗಬಾರದು. ಮಸುಕು ಮಾಡಿದ ಚಿತ್ರದ ಕಡತದೊಳಗೆ ಮೂಲ ಚಿತ್ರದ ಪುಟ್ಟ ಪ್ರತಿ ಉಳಿದಿರುವುದುಂಟು. ಮುಖವನ್ನು ಸುಳಿಯಂತೆ ತಿರುಚಿದರೆ ಅದನ್ನು ಬಿಡಿಸಬಹುದು. 2007ರಲ್ಲಿ ಒಬ್ಬ ಅಪರಾಧಿಯ ಮುಖವನ್ನು ತನಿಖಾಧಿಕಾರಿಗಳು ಹಾಗೆಯೇ ಬಿಡಿಸಿ ತೆಗೆದರು. ಫೋನಿನಲ್ಲಿ ಜಿಪಿಎಸ್ ತೆರೆದಿದ್ದರೆ ಚಿತ್ರದ ಜೊತೆ ಮನೆಯ ವಿಳಾಸವೇ ಹೋದಂತೆ. ಇದನ್ನೆಲ್ಲ ಕ್ಲಿಕ್ಕಿಸುವ ಮೊದಲೇ ನಿರ್ಧರಿಸಬೇಕು: ಬರೀ ಕೈಗಳು, ಬೆನ್ನು, ಕೆಲಸದ ಸಾಮಾನು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ, ಎಚ್‌ಐವಿ ಇರುವ, ಅಪರಾಧದ ಆರೋಪ ಹೊತ್ತ ಮಕ್ಕಳ ಹೆಸರು ಬದಲಿಸಿ ಚಹರೆ ಮರೆಮಾಡಬೇಕೆಂದು ಯುನಿಸೆಫ್‌ನ ಮಾರ್ಗಸೂಚಿಯೇ ಹೇಳುತ್ತದೆ.

ಹಾಗೆಂದು ಮುಖವನ್ನೇ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸುವುದು ಪರಿಹಾರವಲ್ಲ. 2023ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೊಲಂಬಿಯಾದ ಪ್ರತಿಭಟನೆಗಳ ಬಗ್ಗೆ ಅಂಥ ಚಿತ್ರಗಳನ್ನು ಹಾಕಿ, ಟೀಕೆ ಬಂದ ಮೇಲೆ ತೆಗೆದುಹಾಕಿತು.

ಕ್ಯಾಮೆರಾ ಹಿಡಿಯುವ ರೀತಿಯಲ್ಲೂ ಘನತೆಯ ಪ್ರಶ್ನೆ ಇದೆ. ನಿಂತುಕೊಂಡು, ಅಗಲ ನೋಟದ 24 ಮಿಲಿಮೀಟರ್ ಲೆನ್ಸಿನಲ್ಲಿ, ಕೆಳಗೆ ಕುಳಿತ ಮಗುವನ್ನು ಹತ್ತಿರದಿಂದ ತೆಗೆದರೆ ತಲೆ ದೊಡ್ಡದಾಗಿ ಮೈ ಕುಗ್ಗಿ, ಕೈಚಾಚಿ ಬೇಡುವ ಚಿತ್ರ ತಾನಾಗಿಯೇ ಮೂಡುತ್ತದೆ. 35 ಅಥವಾ 50 ಮಿಲಿಮೀಟರ್ ಹಾಕಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು ತೆಗೆದರೆ ಅದೇ ಮಗು ನಮ್ಮನ್ನು ನೇರವಾಗಿ ನೋಡುತ್ತದೆ. ಬಿಳಿ ಆಕಾಶವೋ ಡೇರೆಯೋ ಹಿಂದಿದ್ದರೆ ಕ್ಯಾಮೆರಾ ಆ ಬೆಳಕನ್ನೇ ಲೆಕ್ಕ ಹಿಡಿದು ಕಪ್ಪು ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಆಮೇಲೆ ಬೆಳಗಿಸಲು ಹೋದರೆ ಚರ್ಮ ಬೂದಿ ಬಳಿದಂತೆ ಕಾಣುತ್ತದೆ. ಮರದ ನೆರಳಿಗೋ ಬಾಗಿಲ ಬಳಿಗೋ ಕರೆದು, ಮುಖಕ್ಕೇ ಬೆಳಕು ಅಳೆದು, ಅರ್ಧದಿಂದ ಒಂದು ಸ್ಟಾಪ್ ಇಳಿಸಿದರೆ ಮೈಬಣ್ಣ ಇದ್ದಂತೆ ಬರುತ್ತದೆ. ಮುಖ ತೊಳೆದು, ಇಷ್ಟದ ಬಟ್ಟೆ ಉಟ್ಟು ಬರುತ್ತೇನೆ ಎಂದವರನ್ನು ತಡೆಯಬಾರದು. ‘ನಗಬೇಡಿ’ ಎಂದು ಹೇಳಿಸುವುದು ಸುಳ್ಳು ಚಿತ್ರ ತೆಗೆದಂತೆಯೇ.

ಹಣ ಕೊಡಬೇಕೇ ಎಂಬ ಚರ್ಚೆ ಹಳೆಯದು. ಸುದ್ದಿಚಿತ್ರಕ್ಕೆ ಕೊಡಬಾರದು, ಸರಿ. ಆದರೆ ದೇಣಿಗೆ ಎತ್ತಲು ತೆಗೆಯುವ ಚಿತ್ರ ಜಾಹೀರಾತು. ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ಅದನ್ನು ತುಂಬಿಕೊಡಬೇಕು. ಎಲ್ಲರಿಗೂ ಒಂದೇ ದರ ಇರಬೇಕು, ನಡುವೆ ಎದ್ದು ಹೋದರೂ ಸಿಗುತ್ತದೆಂದು ಮೊದಲೇ ಹೇಳಿರಬೇಕು.

ಇನ್ನು ಪತ್ರಿಕೆಯ ಪಾಲಿನ ಕೆಲಸ. ಸಂಸ್ಥೆಯಿಂದ ಚಿತ್ರ ಬಂದಾಗ ಒಪ್ಪಿಗೆಯ ಸಂಖ್ಯೆ, ಅದರ ಅವಧಿ, ಮೂಲ ಅಡಿಬರಹ ಮೂರನ್ನೂ ಕೇಳಿ. ಮೂರರಿಂದ ಐದು ವರ್ಷಕ್ಕಿಂತ ಹೆಚ್ಚಿನ ಅವಧಿ ಬರೆಸಿಕೊಂಡಿದ್ದರೆ ಯಾಕೆಂದೂ ಕೇಳಿ. ಸಂಗ್ರಹದಿಂದ ಹಳೆಯ ಚಿತ್ರ ಎತ್ತಿ ಬೇರೆ ಸುದ್ದಿಗೆ ಅಂಟಿಸಬೇಡಿ: ಮಲೇರಿಯಾ ಪರೀಕ್ಷೆಗೆ ಕುಳಿತ ಹೆಂಗಸಿನ ಚಿತ್ರ ಎಚ್‌ಐವಿ ವರದಿಯ ಪಕ್ಕ ಬಂದರೆ, ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದಿದ್ದರೂ ಊರಿನವರು ಓದುವುದು ಬೇರೆಯೇ. ಒಪ್ಪಿಗೆ ಹಿಂಪಡೆದರೆಂಬ ತಿಳಿವಳಿಕೆ ಬಂದ ದಿನವೇ ಜಾಲತಾಣ, ಇ-ಪೇಪರ್, ಸಾಮಾಜಿಕ ಮಾಧ್ಯಮದ ಪೋಸ್ಟ್, ಒಳಗಿನ ಚಿತ್ರಸಂಗ್ರಹ ಈ ನಾಲ್ಕೂ ಕಡೆಯಿಂದ ಚಿತ್ರ ತೆಗೆಯುವ ಹೊಣೆಯನ್ನು ಕಚೇರಿಯಲ್ಲಿ ಒಬ್ಬರಿಗೆ ವಹಿಸಿ, ಅವರ ಸಂಪರ್ಕ ವಿವರವನ್ನು ಪತ್ರಿಕೆಯಲ್ಲಿ ಪ್ರಕಟಿಸಿ.

ಇಂತಿ,
ನೆರವು ಸಂಸ್ಥೆಗಳಿಗೆ ಚಿತ್ರ ತೆಗೆಯುವ ಒಬ್ಬ ಛಾಯಾಗ್ರಾಹಕ