ಇಂಟರ್ನ್‌ಶಿಪ್ ಮುಗೀತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಎಂಟನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್ ಮುಗಿಯಿತು, ಅದೇ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ವಿಶ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ: ವಿಟಿಯುನಲ್ಲಿ ಓದಿದ್ದು ಅಲ್ಲಿ ಏನಾದ್ರೂ ಉಪಯೋಗಕ್ಕೆ ಬಂತಾ? ಬಂತು. ಯಾರಿಂದ ಬಂತು ಅನ್ನೋದನ್ನೂ ಹೇಳಬೇಕು.

ಮೊದಲು ನಮ್ಮ ಓಎಸ್ (ಆಪರೇಟಿಂಗ್ ಸಿಸ್ಟಮ್) ಸರ್‌ಗೆ. ಮೂರನೇ ಸೆಮಿಸ್ಟರ್‌ನಲ್ಲಿ ಡೆಡ್‌ಲಾಕ್ (ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಯಾರೂ ಮುಂದೆ ಹೋಗದೆ ಸಿಕ್ಕಿಹಾಕಿಕೊಳ್ಳೋದು) ಪಾಠಕ್ಕೆ, ಅದು ಆಗೋಕೆ ಬೇಕಾದ ನಾಲ್ಕು ಕಂಡೀಷನ್ ಬರೆಸಿ ಸುಮ್ನಾಗಬಹುದಿತ್ತು, ಪರೀಕ್ಷೆಗೆ ಅಷ್ಟು ಸಾಕು. ಅವರು ಇಬ್ಬರನ್ನು ಬೋರ್ಡ್ ಹತ್ತಿರ ಕರೆದು ಒಬ್ಬನಿಗೆ ಡಸ್ಟರ್, ಇನ್ನೊಬ್ಬನಿಗೆ ಚಾಕ್‌ಪೀಸ್ ಕೊಟ್ಟು, ಇಬ್ಬರಿಗೂ ಎರಡೂ ಬೇಕು, ಕೈಯಲ್ಲಿರೋದನ್ನು ಯಾರೂ ಬಿಡೋ ಹಾಗಿಲ್ಲ ಅಂದರು. ಇಬ್ಬರೂ ನಿಂತೇ ಇದ್ದರು. ಆಮೇಲೆ, ಎಲ್ಲರೂ ಮೊದಲು ಡಸ್ಟರ್, ಅದು ಸಿಕ್ಕ ಮೇಲೇ ಚಾಕ್‌ಪೀಸ್ ಅಂತ ಒಂದೇ ಕ್ರಮ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ ಅಂತ ತೋರಿಸಿದರು.

ಕಂಪನಿಯಲ್ಲಿ ನಮ್ಮ ಟೀಮಿನದು ದಿನಸಿ ಆರ್ಡರ್‌ಗಳ ಸ್ಟಾಕ್ ನೋಡಿಕೊಳ್ಳುವ ಸರ್ವೀಸ್. ಸಂಜೆ ಆರ್ಡರ್ ಜಾಸ್ತಿ ಇದ್ದಾಗ ಒಂದೊಂದು ಫೇಲ್ ಆಗುತ್ತಿತ್ತು. ಲಾಗ್ ತೆಗೆದರೆ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಬಿಡಿಸಿ ಹೇಳಿತ್ತು: ಡೆಡ್‌ಲಾಕ್ ಡಿಟೆಕ್ಟೆಡ್. ಒಬ್ಬರ ಲಿಸ್ಟಿನಲ್ಲಿ ಅಕ್ಕಿ ಮೊದಲು, ಬೇಳೆ ಆಮೇಲೆ, ಇನ್ನೊಬ್ಬರದು ಉಲ್ಟಾ. ಎರಡೂ ಒಟ್ಟಿಗೆ ಬಂದರೆ ಒಂದು ಆರ್ಡರಿನ ಟ್ರಾನ್ಸಾಕ್ಷನ್ ಟೇಬಲ್‌ನಲ್ಲಿರೋ ಅಕ್ಕಿಯ ರೋ (ಸಾಲು) ಬೇರೆಯವರು ಬದಲಾಯಿಸದ ಹಾಗೆ ಲಾಕ್ ಮಾಡಿ ಬೇಳೆಗೆ ಕಾಯುತ್ತದೆ, ಇನ್ನೊಂದು ಬೇಳೆ ಹಿಡಿದು ಅಕ್ಕಿಗೆ ಕಾಯುತ್ತದೆ, ಡೀಫಾಲ್ಟ್ ಸೆಟ್ಟಿಂಗ್ ಇದ್ದರೆ ಪೋಸ್ಟ್‌ಗ್ರೆಸ್ 1 ಸೆಕೆಂಡ್ ಕಾದು ನೋಡಿ ಎರಡರಲ್ಲಿ ಒಂದನ್ನು ರದ್ದು ಮಾಡುತ್ತದೆ. ಪ್ರತಿ ಆರ್ಡರನ್ನೂ ಐಟಂ ಐಡಿ ಪ್ರಕಾರ ಸಾರ್ಟ್ ಮಾಡಿ, ಎಲ್ಲದರಲ್ಲೂ ಅದೇ ಕ್ರಮದಲ್ಲಿ ಅಪ್‌ಡೇಟ್ ಮಾಡಿದರೆ ಆಯಿತು. ಸರ್, ನೀವು ತೋರಿಸಿದ್ದೇ ಇದು. 1971ರಲ್ಲಿ ಪೇಪರ್‌ನಲ್ಲಿ ಬಂದ ಆ ನಾಲ್ಕು ಕಂಡೀಷನ್ ಇವತ್ತಿಗೂ ಹಾಗೇ ನಿಂತಿವೆ. ಸಿಲಬಸ್ ಹಳೇದು ಅಂತ ಬೈಯೋರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಕ್ಲಾಸಿನಲ್ಲಿ ಸಿಗದೇ ಇದ್ದದ್ದನ್ನು ಕೊಟ್ಟವರು ಟೀಮಿನ ಸೀನಿಯರ್ ಅಕ್ಕ. ಲ್ಯಾಬ್‌ನಲ್ಲಿ ಪ್ರತಿ ಪ್ರೋಗ್ರಾಂ ಖಾಲಿ ಫೈಲಿನಿಂದ ಶುರು, ಔಟ್‌ಪುಟ್ ಬಂದರೆ ಮುಗೀತು, ರೆಕಾರ್ಡ್‌ಗೆ ಸೈನು. ಕಂಪನಿಯಲ್ಲಿ ಹಾಗಲ್ಲ. ಕೆಲಸ ಬಿಟ್ಟು ಹೋದವರು ಬರೆದ ಕೋಡ್ ಓದಿ, ಅವರು ಹೀಗೇ ಯಾಕೆ ಬರೆದರು ಅಂತ ತಿಳಿದ ಮೇಲೇ ಕೈ ಹಾಕಬೇಕು. ಸಾರ್ಟ್ ಮಾಡಿದ್ದು ಒಂದೇ ಸಾಲು, ಆದರೆ ಅಕ್ಕ ಕೋಡ್ ರಿವ್ಯೂನಲ್ಲಿ, ಎರಡು ಆರ್ಡರ್ ಒಟ್ಟಿಗೆ ಓಡಿಸಿ ಹಳೇ ಕೋಡಿನಲ್ಲಿ ಫೇಲ್ ಆಗೋ ಟೆಸ್ಟ್ ಮೊದಲು ಬರಿ, ಆಮೇಲೆ ಮರ್ಜ್ ಮಾಡೋಣ (ಮುಖ್ಯ ಕೋಡಿಗೆ ಸೇರಿಸೋಣ) ಅಂದರು. ಆ ಟೆಸ್ಟ್ ಬರೆಯೋಕೇ ಜಾಸ್ತಿ ಹೊತ್ತು ಹಿಡಿಯಿತು. ಪಕ್ಕದಲ್ಲಿ ಕೂತು, ಉತ್ತರ ಹೇಳದೆ, ನಾನೇ ಹುಡುಕೋವರೆಗೂ ಕಾದಿರಿ ಅಕ್ಕ. ನಿಮ್ಮ ಕೆಲಸ ಬದಿಗಿಟ್ಟು ಹಾಗೆ ಕೂರಬೇಕು ಅಂತ ಏನೂ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಕೋಡಿನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಲ್ಯಾಬ್ ಕಾಲೇಜಿನಲ್ಲಿ ನಮಗೂ ಇತ್ತು, ಕಮಾಂಡ್‌ಗಳು ಬರುತ್ತಿದ್ದವು. ನಾಲ್ಕು ಜನ ಒಂದೇ ಫೈಲ್ ಮುಟ್ಟಿದಾಗ ಬರುವ ಕಾನ್‌ಫ್ಲಿಕ್ಟ್ ಬಿಡಿಸೋದನ್ನು ಹೇಳಿಕೊಟ್ಟಿದ್ದು ಟೀಮಿನವರು. ಅವರಿಗೂ, ಪಿಜಿ ಬಾಡಿಗೆ ಕಟ್ಟಿದ ಅಪ್ಪನಿಗೂ ಥ್ಯಾಂಕ್ಸ್.

ಇಂಟರ್ನ್‌ಶಿಪ್ ಹುಡುಕುತ್ತಿರುವ ಜೂನಿಯರ್ಸ್ ಮೆಸೇಜ್ ಮಾಡಿ. ಶನಿವಾರ ಭಾನುವಾರ ಕೂತು ನಿಮ್ಮ ಕೋಡ್ ಓದಿ, ಅಕ್ಕ ನನಗೆ ಮಾಡಿದ ಹಾಗೇ ರಿವ್ಯೂ ಮಾಡಿಕೊಡುತ್ತೇನೆ.