ಸೇಂಟ್ ಮೇರೀಸ್ ದ್ವೀಪ: ಕಲ್ಲಿನ ಕಥೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮಲ್ಪೆ ಪ್ರವಾಸದ ಬಗ್ಗೆ ಬರುವ ಬರಹಗಳಲ್ಲಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಎಷ್ಟೋ ಸಲ ‘ಬಸಾಲ್ಟ್’ (ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾಕಲ್ಲು) ಎಂದು ಬರೆದುಬಿಡುತ್ತಾರೆ. ಅದು ಬಸಾಲ್ಟ್ ಅಲ್ಲ. ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯ ಲಾವಾ. ಬೆಳಗಾವಿ, ವಿಜಯಪುರದ ಕಡೆಯ ದಕ್ಖನ್ ಲಾವಾದ ಜೊತೆಗೂ ಇದನ್ನು ಸೇರಿಸಬಾರದು. ಅದಕ್ಕೆ ಸುಮಾರು 6.6 ಕೋಟಿ ವರ್ಷ, ಇದಕ್ಕೆ ಸುಮಾರು 8.8 ಕೋಟಿ ವರ್ಷ.

ನಾನು ಉಡುಪಿಯಲ್ಲಿ ಮನೆ ಕಟ್ಟುವ ಮೇಸ್ತ್ರಿ. ಮುರಕಲ್ಲು, ಶಿಲೆಕಲ್ಲುಗಳ ಜೊತೆಯೇ ನನ್ನ ಬದುಕು. ಆ ದ್ವೀಪಕ್ಕೆ ಹೋದಾಗ ನನ್ನ ಕಣ್ಣು ಕಂಬಗಳ ಮೂಲೆಗಳ ಮೇಲೇ ಇತ್ತು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸಂದಿನಲ್ಲಿ ಬೆರಳು ಕೂಡ ಹೋಗದ ಕಡೆ ಇದೆ. ಉಳಿಯ ಗುರುತು ಎಲ್ಲೂ ಇಲ್ಲ. ಜೊತೆಗೆ ಬಂದ ನೆಂಟರೊಬ್ಬರು, ‘ಇದನ್ನು ಯಾವ ರಾಜ ಕೆತ್ತಿಸಿದ್ದು?’ ಎಂದು ಕೇಳಿದರು. ಯಾರೂ ಹೇಳಿಕೊಡದಿದ್ದರೆ ಹಾಗೆ ಅನ್ನಿಸುವುದು ಸಹಜ ಅಲ್ವಾ?

ಸರಿಯಾಗಿ ನೀರುಣಿಸದ ಗಾರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಲಾವಾ ಕೂಡ ತಣಿಯುತ್ತಾ ಕುಗ್ಗುತ್ತದೆ. ಮೇಲೆ ಬಿಟ್ಟ ಬಿರುಕು ತಣಿದಂತೆಲ್ಲ ಒಳಕ್ಕೆ ಇಳಿಯುತ್ತಾ ಹೋಗಿ ಈ ಕಂಬಗಳಾಗಿವೆ.

ಆ ಲಾವಾ ಅಲ್ಲಿಗೆ ಬಂದ ಕಥೆ ಇನ್ನೂ ದೊಡ್ಡದು. ಈಗ ಆಫ್ರಿಕಾದ ಪಕ್ಕದಲ್ಲಿರುವ ಮಡಗಾಸ್ಕರ್ ದ್ವೀಪ ಆಗ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಆಳದಿಂದ ಬಿಸಿ ಏರಿ, ಭೂಮಿಯ ಹೊರಪದರ ಎಳೆದೆಳೆದು ತೆಳುವಾಗಿ ಸೀಳಿ, ಎರಡೂ ಬೇರೆಯಾದವು. ಆ ಹೊತ್ತಿನಲ್ಲೇ ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಮೇಲೆ ಬಂತು. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಆಳದಿಂದ ಬಿಸಿ ಏರುವ ಆ ಮೂಲ ಈಗ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಮ್ಯಾರಿಯನ್ ದ್ವೀಪದ ಹತ್ತಿರ ಇದೆ ಎನ್ನುತ್ತಾರೆ ಭೂವಿಜ್ಞಾನಿಗಳು. ನಮ್ಮ ನೆಲವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎದ್ದಿತು. ಈಗಲೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತಲೇ ಇದೆ. ಮಲ್ಪೆಯಿಂದ ಮಡಗಾಸ್ಕರ್ ಇವತ್ತು ಹತ್ತಿರ ಹತ್ತಿರ 4,000 ಕಿ.ಮೀ. ದೂರ.

ನಮ್ಮ ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೂ ಜನ ಕಂಬದ ಮೇಲೆ ಹೆಸರು ಗೀಚುತ್ತಾರೆ, ನೆನಪಿಗೆಂದು ಚೂರು ಎತ್ತಿಕೊಂಡು ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಗೋಡೆ ಹಾಳಾದರೆ ನಾನು ಮತ್ತೆ ಕಟ್ಟಿಕೊಡಬಲ್ಲೆ. ಈ ಕಂಬಗಳನ್ನು ಯಾವ ಮೇಸ್ತ್ರಿಯೂ ಕಟ್ಟಿಕೊಡಲಾರ. ಸುಮ್ನೆ ದಂಡ ಹಾಕಿದರೆ ಸಾಲದು, ಕಾಲ ಕೆಳಗಿರುವುದು ಏನು ಎಂದು ಬಂದವರಿಗೆ ಗೊತ್ತಾಗಬೇಕು.

ದೋಣಿಯಲ್ಲಿ ಹಾಡು ಹಾಕುವುದಕ್ಕೆ ಮೊದಲು ಐದು ನಿಮಿಷ ಕನ್ನಡದಲ್ಲೋ ತುಳುವಿನಲ್ಲೋ ಈ ಕಥೆ ಹೇಳಿಸಿ. ದೋಣಿ ಹತ್ತುವ ಜಾಗದಲ್ಲಿ ಭಾರತ, ಮಡಗಾಸ್ಕರ್ ಒಟ್ಟಿಗಿದ್ದಾಗಿನ ಒಂದು ನಕ್ಷೆ ಹಾಕಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆ ಬಿಡುವಿನಲ್ಲಿ ದೋಣಿಯ ಹುಡುಗರನ್ನು ಕೂರಿಸಿ, ಭೂವಿಜ್ಞಾನ ಕಲಿಸುವ ಮೇಷ್ಟ್ರುಗಳಿಂದ ಪಾಠ ಹೇಳಿಸಬಹುದು.

— ಒಬ್ಬ ಮೇಸ್ತ್ರಿ, ಉಡುಪಿ