ಶಿಕ್ಷಕರ ಪಟ್ಟಿ ಶಾಲೆಯ ಫಲಕದಲ್ಲಿರಲಿ

ಮಾನ್ಯರೇ,

ಪ್ರವೇಶಾತಿ ಶುರುವಾದರೆ ಪೋಷಕರು ಕಟ್ಟಡ, ಸ್ಮಾರ್ಟ್ ಕ್ಲಾಸ್, ಶಾಲಾ ವಾಹನ ನೋಡಿ ಶುಲ್ಕ ಕಟ್ಟುತ್ತಾರೆ. ಪಾಠ ಮಾಡುವವರು ಎಷ್ಟು ಮಂದಿ, ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳುವವರು ಅಪರೂಪ. ಸಣ್ಣ ಅನುದಾನರಹಿತ ಶಾಲೆಯ ಹಣೆಬರಹ ನಿರ್ಧಾರವಾಗುವುದು ಈ ಲೆಕ್ಕದಲ್ಲೇ.

ಒಂದರಿಂದ ಹತ್ತರವರೆಗೆ ತಲಾ ಒಂದೇ ವಿಭಾಗ, ತರಗತಿಗೆ 25 ಮಕ್ಕಳು ಎಂದಿಟ್ಟುಕೊಳ್ಳೋಣ. ದಿನಕ್ಕೆ 8, ಶನಿವಾರ 5 ಎಂದರೆ ವಾರಕ್ಕೆ 45 ಪಿರಿಯಡ್. ಹತ್ತು ತರಗತಿಗೆ 450. ಒಬ್ಬರಿಗೆ 30ರಂತೆ 15 ಶಿಕ್ಷಕರು ಬೇಕು. 11 ಮಂದಿಯಲ್ಲೇ ನಿಭಾಯಿಸಿದರೆ ತಲಾ 41 ಬೀಳುತ್ತದೆ. ಉಳಿಯುವ ಬಿಡುವು ವಾರಕ್ಕೆ ನಾಲ್ಕು ಪಿರಿಯಡ್, ಪಿರಿಯಡ್‌ಗೆ 40 ನಿಮಿಷವೆಂದರೆ 2 ಗಂಟೆ 40 ನಿಮಿಷ. ಆರು ತರಗತಿಗೆ ಗಣಿತ ಹೇಳುವವರ ಮುಂದೆ 150 ನೋಟ್‌ಬುಕ್ ಇರುತ್ತವೆ. ಒಂದಕ್ಕೆ ಎರಡೇ ನಿಮಿಷವೆಂದರೂ 5 ಗಂಟೆ ಬೇಕು. ಹಾಗಾಗಿ ಲೆಕ್ಕದ ಹೆಜ್ಜೆ ನೋಡದೆ ಕೆಂಪು ಗೆರೆ ಎಳೆದು ಸಹಿ ಹಾಕುವುದು ನಡೆಯುತ್ತದೆ. ಒಬ್ಬರು ರಜೆ ಹಾಕಿದರೆ ಬದಲಿಗೆ ಕಳಿಸಲು ಯಾರೂ ಇಲ್ಲ. ಎರಡು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ.

ಕಾನೂನು ಪಾಲಿಸಿದ್ದೇವೆ ಎಂಬ ಉತ್ತರ ಇಲ್ಲಿ ಸಾಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಈ ಶಾಲೆಯ 1–5ರ 125 ಮಕ್ಕಳಿಗೆ ಐವರು, 6–8ರ 75 ಮಕ್ಕಳಿಗೆ ಮೂವರು ಶಿಕ್ಷಕರಿದ್ದರೆ ಸಾಕು. ಎಂಟು ತರಗತಿಗೆ ಎಂಟೇ ಜನ, ಯಾರಿಗೂ ಒಂದು ಪಿರಿಯಡ್ ಬಿಡುವಿಲ್ಲ! ಮುಖ್ಯ ಶಿಕ್ಷಕರ ಹುದ್ದೆ ಕಡ್ಡಾಯವಾಗುವುದೂ 1–5ರಲ್ಲಿ 150, 6–8ರಲ್ಲಿ 100 ಮಕ್ಕಳು ದಾಟಿದ ಮೇಲೆ. ಸಣ್ಣ ಶಾಲೆ ಎರಡಕ್ಕೂ ಸಿಗುವುದಿಲ್ಲ.

ಹೀಗಾಗಿ ಮುಖ್ಯ ಶಿಕ್ಷಕರೇ ದಿನವಿಡೀ ಪಾಠ ಮಾಡಿ, ಸಂಜೆ ಸರ್ಕಾರದ ಆನ್‌ಲೈನ್ ದಾಖಲೆಗಳಾದ ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ), ಯುಡೈಸ್ (ಶಾಲೆಯ ವಿವರ) ಮಾಹಿತಿ ತುಂಬಿ, ಶುಲ್ಕದ ರಸೀದಿಯನ್ನೂ ಬರೆಯುತ್ತಾರೆ. ಹೊಸ ಶಿಕ್ಷಕಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಗಮನಿಸಿ ತಿದ್ದಿಹೇಳುವುದು ಅವರ ಮುಖ್ಯ ಕೆಲಸ. ಮೊದಲು ಬಿಟ್ಟುಹೋಗುವುದು ಅದೇ. ಅವರಿಗೆ ವಾರಕ್ಕೆ 12 ಪಿರಿಯಡ್ ಮೀರಬಾರದು, ಜೊತೆಗೊಬ್ಬ ಗುಮಾಸ್ತರು ಬೇಕೇ ಬೇಕು. ವೇಳಾಪಟ್ಟಿ, ರಜೆ ಮಂಜೂರಾತಿ ಅವರ ಕೈಯಲ್ಲೇ ಇರಲಿ. ಆಡಳಿತ ಮಂಡಳಿಯ ಕಾರ್ಯದರ್ಶಿಯೇ ತರಗತಿಗೆ ಬಂದು ಮಕ್ಕಳೆದುರು ಶಿಕ್ಷಕರನ್ನು ಗದರಿಸುವ ಕಡೆ ಮುಖ್ಯ ಶಿಕ್ಷಕರ ಮಾತು ನಡೆಯುವುದಿಲ್ಲ.

ಹಣ ಎಲ್ಲಿಂದ ತರೋಣ ಎಂಬ ಆಡಳಿತ ಮಂಡಳಿಯ ಪ್ರಶ್ನೆ ನ್ಯಾಯವಾದದ್ದೇ. 15 ಶಿಕ್ಷಕರಿಗೆ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 27 ಲಕ್ಷ. 250 ಮಕ್ಕಳಿಗೆ ಹಂಚಿದರೆ ತಲಾ 10,800. ಈ ಲೆಕ್ಕವನ್ನು ಪೋಷಕರ ಸಭೆಯಲ್ಲಿ ಬಿಚ್ಚಿಡಬಹುದು. ಅದು ಬಿಟ್ಟು ಏಪ್ರಿಲ್, ಮೇ ಸಂಬಳ ಕಡಿದು ಉಳಿಸಹೊರಟರೆ ಗಣಿತ, ವಿಜ್ಞಾನದವರೇ ಮೊದಲು ಬೇರೆ ಕಡೆ ಹೋಗುತ್ತಾರೆ. ಅವರನ್ನು ಹಿಡಿದಿಡಲು ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು ನಾಚಿಕೆಗೇಡು. ನೇಮಕಾತಿ ಪತ್ರ ಕೊಟ್ಟು, ಹನ್ನೆರಡೂ ತಿಂಗಳ ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಬೇಕು. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಶಿಕ್ಷಕರಿಗೂ ಸಲ್ಲುತ್ತದೆ. ಅವರನ್ನು ಸೇರಿಸಿದ ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿದಿದೆ. 15,000 ರೂಪಾಯಿ ವೇತನದಲ್ಲಿ ಹತ್ತು ವರ್ಷಕ್ಕೆ ಸುಮಾರು 86,500 ರೂಪಾಯಿ ಆಗುತ್ತದೆ. ವರ್ಷ ವರ್ಷ ತೆಗೆದಿಡದಿದ್ದರೆ ನಾಲ್ಕೈದು ಮಂದಿ ಒಟ್ಟಿಗೆ ಬಿಟ್ಟಾಗ ಶಾಲೆಯ ಖಾತೆಯೇ ಬರಿದಾಗುತ್ತದೆ.

ಪ್ರತಿ ಶಿಕ್ಷಕರ ವಿದ್ಯಾರ್ಹತೆ, ಸೇರಿದ ದಿನಾಂಕವನ್ನು ಶಾಲೆಗಳು ಯುಡೈಸ್‌ಗೆ ಹೇಗೂ ಕೊಡುತ್ತವೆ. ಅದಕ್ಕೆ ವಾರದ ಪಿರಿಯಡ್ ಸಂಖ್ಯೆಯೊಂದನ್ನು ಸೇರಿಸಿ, ಪ್ರವೇಶಾತಿಗೆ ಮೊದಲೇ ಸೂಚನಾ ಫಲಕದಲ್ಲಿ ಹಾಕುವಂತೆ ಶಿಕ್ಷಣ ಇಲಾಖೆ ಆದೇಶಿಸಲಿ. ನಡುವೆ ಯಾರಾದರೂ ಬಿಟ್ಟರೆ ಹದಿನೈದು ದಿನದೊಳಗೆ ಪಟ್ಟಿ ತಿದ್ದಬೇಕು. ಮಾನ್ಯತೆ ನವೀಕರಣಕ್ಕೆ ಬರುವ ಅಧಿಕಾರಿಗಳು ಅದನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬೇಕು.

— ಅನುದಾನರಹಿತ ಶಾಲೆಗಳ ಕೆಲವು ಶಿಕ್ಷಕರು, ಹಾಸನ